ನೋಡುವವರ ಕಣ್ಣನ್ನು ಸದ್ದಿನಿಂದ ತಿರುಗಿಸುವುದು ಹೇಗೆ?

ನಾನು ವಿಡಿಯೊ ಎಡಿಟ್ ಮಾಡುತ್ತೇನೆ. ಹೊಸದಾಗಿ ಕಲಿಯುವವರು "ನೋಡೋರ ಕಣ್ಣು ಬೇಕಾದ ಕಡೆ ಹೋಗ್ತಾನೇ ಇಲ್ಲ" ಅಂದ ತಕ್ಷಣ ಬಾಣದ ಗುರುತು ಹಾಕಲು ಹೊರಡುತ್ತಾರೆ. ತಡೆಯಿರಿ. ಮೊದಲು ಸೌಂಡ್ ಟ್ರ್ಯಾಕ್ ತೆರೆದು ನೋಡಿ.

ನಂಬಿಕೆ ಬರಲು ಒಂದು ಪ್ರಯೋಗ ಮಾಡಿ. ಕಪ್ಪು ಪರದೆಯ ನಡುವೆ ಚಿಕ್ಕ ಪ್ಲಸ್ ಗುರುತು ಇಡಿ. ಅದರಿಂದ ಸಾಕಷ್ಟು ಕೆಳಗೆ, ಒಂದೇ ಒಂದು ಫ್ರೇಮ್ (ವಿಡಿಯೊದ ಒಂದು ಬಿಡಿ ಚಿತ್ರ) ಮಾತ್ರ, ಬಿಳಿ ಚುಕ್ಕಿ ಮಿನುಗಲಿ. ಅದೇ ಫ್ರೇಮ್‌ನಲ್ಲಿ ಒಂದು ಪುಟ್ಟ ಬೀಪ್, ಎರಡು ಫ್ರೇಮ್ ಆದ ಮೇಲೆ ಇನ್ನೊಂದು. ಸೆಕೆಂಡಿಗೆ 25 ಫ್ರೇಮ್ ಆದರೆ ಅವುಗಳ ಅಂತರ 80 ಮಿಲಿಸೆಕೆಂಡ್. ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬಂದು ಲೆಕ್ಕವೆಲ್ಲ ತಪ್ಪುತ್ತದೆ. ಈಗ ಪ್ಲಸ್ ಮೇಲೇ ಕಣ್ಣಿಟ್ಟು ನೋಡಿ. ಚುಕ್ಕಿ ಎರಡು ಸಲ ಮಿನುಗಿದ ಹಾಗೆ ಅನೇಕರಿಗೆ ಕಾಣುತ್ತದೆ! ಸಂಶೋಧಕಿ ಲಾದನ್ ಶಮ್ಸ್ ಮತ್ತು ಜೊತೆಗಾರರು 2000ರಲ್ಲಿ ಇದನ್ನು ಪ್ರಕಟಿಸಿದರು. ಚುಕ್ಕಿ ನೋಟದ ಅಂಚಿನಲ್ಲಿದ್ದಷ್ಟೂ ಈ ಮೋಸ ಜಾಸ್ತಿ.

ಇನ್ನೊಂದು ನನಗೆ ಬಲು ಇಷ್ಟ. ಎರಡು ದುಂಡು ಚುಕ್ಕಿಗಳು ಎದುರುಬದುರು ಬಂದು ಒಂದನ್ನೊಂದು ದಾಟಿ ಹೋಗಲಿ. ಸದ್ದಿಲ್ಲದಿದ್ದರೆ ಸುಮ್ನೆ ದಾಟಿದಂತೆ ಕಾಣುತ್ತದೆ. ಸೇರುವ ಕ್ಷಣಕ್ಕೆ ಸರಿಯಾಗಿ ಒಂದು "ಟಕ್" ಇಡಿ: ಡಿಕ್ಕಿ ಹೊಡೆದು ಹಿಂದಕ್ಕೆ ಪುಟಿದವು ಅನಿಸುತ್ತದೆ. ಚಿತ್ರದಲ್ಲಿ ಏನೂ ಬದಲಾಗಿಲ್ಲ, ಅಲ್ವಾ?

ಈಗ ಕೆಲಸದ ವಿಷಯ. ಪರದೆ ತುಂಬ ಸಣ್ಣಪುಟ್ಟ ವಸ್ತುಗಳಿದ್ದು, ಅದರಲ್ಲೊಂದು ಎದ್ದು ಕಾಣಬೇಕೇ? ಅದರ ಬಣ್ಣ ಥಟ್ಟನೆ ಬದಲಾಗುವ ಫ್ರೇಮ್‌ಗೇ ಒಂದು ಚುಟುಕು ಸದ್ದು ಕೂರಿಸಿ. ಎಲ್ಲಿ ನೋಡಬೇಕು ಅಂತ ಆ ಸದ್ದು ಹೇಳುವುದಿಲ್ಲ, ಆದರೂ ಹುಡುಕಾಟ ಬೇಗ ಮುಗಿಯುತ್ತದೆ. ದನಿ ಏರಿಸಬೇಡಿ, ಹೊತ್ತು ಹೊಂದಿಸಿ. ಇಡೀ ಗುಟ್ಟು ಇಷ್ಟೇ ಅಂತ ನನ್ನ ಅಭಿಪ್ರಾಯ.

ವಸ್ತು ಎಡಗಡೆ ಇದ್ದರೆ ಸದ್ದನ್ನೂ ಎಡಕ್ಕೆ ಪ್ಯಾನ್ ಮಾಡಿ, ಅಂದರೆ ಎಡ ಸ್ಪೀಕರ್ ಕಡೆಗೆ ಸರಿಸಿ. ನಡುಮೆದುಳಿನಲ್ಲಿ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಭಾಗವಿದೆ. ಕಂಡದ್ದು, ಕೇಳಿದ್ದು ಎರಡೂ ಅಲ್ಲಿ ಸೇರುತ್ತವೆ. ಕಣ್ಣು ಜಿಗಿಯುವ ಆಜ್ಞೆಯೂ ಅಲ್ಲಿಂದ ಹೊರಡುತ್ತದೆ. ಬೆಳಕು, ಸದ್ದು ಒಂದೇ ಕಡೆಯಿಂದ ಒಟ್ಟಿಗೆ ಬಂದರೆ, ಬರೀ ಬೆಳಕಿಗಿಂತ ಬೇಗ ಕಣ್ಣು ಜಿಗಿಯುತ್ತದೆ. ಫೋನಿನ ಒಂದೇ ಸ್ಪೀಕರ್‌ನಲ್ಲಿ ಕೇಳುವವರಿಗೆ ಪ್ಯಾನ್‌ನಿಂದ ಏನೂ ಉಪಯೋಗವಿಲ್ಲ, ಅದು ಗೊತ್ತಿರಲಿ.

ಪ್ರತಿ ಅಕ್ಷರ ಬಂದಾಗಲೂ "ಸುಯ್" ಅನ್ನಿಸುವ ಚಟ ಮಾತ್ರ ಬೇಡ. ಎಲ್ಲದಕ್ಕೂ ಸದ್ದಿದ್ದರೆ ಯಾವುದಕ್ಕೂ ಇಲ್ಲದ ಹಾಗೆ.

ಮುಗಿದ ಮೇಲೆ ಒಬ್ಬರನ್ನು ಕೂರಿಸಿ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಕಣ್ಣು ನೋಡಿ. ಬೇಕಾದ ಹೊತ್ತಿಗೆ ಕಣ್ಣು ಸರಿಯದಿದ್ದರೆ ಸದ್ದನ್ನು ಒಂದೆರಡು ಫ್ರೇಮ್ ಆಚೀಚೆ ಮಾಡಿ ಮತ್ತೆ ತೋರಿಸಿ, ಆದರೆ ಬೇರೆಯವರಿಗೆ. ಒಮ್ಮೆ ನೋಡಿದವರ ಕಣ್ಣು ಸದ್ದಿಗೆ ಮುಂಚೆಯೇ ಅಲ್ಲಿಗೆ ಹೋಗಿ ಕೂತಿರುತ್ತದೆ.