ನೂಲಿನಂತೆ ಸೀರೆ ಅಂದರೆ ಸಾಲಲ್ಲ

ಹಕ್ಕಿಗಳ ಹೆರಿಟಬಿಲಿಟಿ, ಅಂದರೆ ಹಕ್ಕಿ ಹಕ್ಕಿಗಿರುವ ವ್ಯತ್ಯಾಸದಲ್ಲಿ ಹುಟ್ಟಿನ ಪಾಲು ಎಷ್ಟು ಅನ್ನುವ ಲೆಕ್ಕ ಹಾಕಲು ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಗಾದೆ: ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅಪ್ಪ ಅಮ್ಮನ ಅಳತೆಯ ಸರಾಸರಿ ಒಂದು ಕಡೆ, ಮರಿಗಳ ಸರಾಸರಿ ಇನ್ನೊಂದು ಕಡೆ. ಗ್ರಾಫ್ ಹಾಕಿ ಗೆರೆಯ ಓರೆ ನೋಡಿದರೆ ಆಯಿತು, ಅದೇ ಹೆರಿಟಬಿಲಿಟಿ. ಒಬ್ಬರದೇ ಅಳತೆ ಇದ್ದರೆ ಓರೆಯನ್ನು ಎರಡರಿಂದ ಗುಣಿಸಬೇಕು. ಗೂಡಿನಲ್ಲಿರುವ ಗಂಡೇ ಎಲ್ಲ ಮರಿಗಳ ನಿಜವಾದ ಅಪ್ಪ ಆಗಿರುವುದಿಲ್ಲ, ಹಾಗಾಗಿ ಅಪ್ಪನ ಕಡೆಯ ಓರೆ ಎಷ್ಟೋ ಸಲ ಚಿಕ್ಕದಾಗಿ ಬರುತ್ತದೆ. ಇಷ್ಟು ಓದಿಕೊಂಡಿದ್ದೆ.

ಇಲ್ಲಿ ಕಾಡುಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ತಲೆಮಾರುಗಟ್ಟಲೆ ಅಳೆಯಬೇಕು. ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ 1947ರಿಂದ ಗೂಡುಪೆಟ್ಟಿಗೆ ಇಟ್ಟು ಲೆಕ್ಕ ಬರೆಯುತ್ತಿದ್ದಾರೆ! ನನಗೆ ಇದ್ದದ್ದು ಮತ್ತಿಕೆರೆಯ ಒಂದು ರೂಮು, ಒಂದು ಹಳೇ ಲ್ಯಾಪ್‌ಟಾಪ್. ಹಾಗಾಗಿ ಅಂಕಿಅಂಶದ ಲೆಕ್ಕ ಹಾಕುವ 'ಆರ್' ಅನ್ನುವ ಕಂಪ್ಯೂಟರ್ ಭಾಷೆಯ ಎಂಸಿಎಂಸಿಜಿಎಲ್‌ಎಂಎಂ ಪ್ಯಾಕೇಜಿನ ಜೊತೆಗೇ ಪುಕ್ಕಟೆ ಸಿಗುವ ಬ್ಲೂ ಟಿಟ್ ಅಂಕಿಗಳನ್ನು ಹಿಡಿದುಕೊಂಡೆ. ನಮ್ಮ ಚೇಕಡಿ ಹಕ್ಕಿಯ ಬಳಗದ್ದೇ ಪುಟ್ಟ ಯುರೋಪಿಯನ್ ಹಕ್ಕಿ. 828 ಮರಿಗಳ ಕಾಲಿನ ಮೂಳೆಯ ಉದ್ದ, ಬೆನ್ನಿನ ಬಣ್ಣ, ಯಾರ ಮರಿ, ಯಾವ ಗೂಡಲ್ಲಿ ಬೆಳೆದಿದ್ದು, ಎಲ್ಲ ಇದೆ.

ಆ ಕೊನೆಯದು ನೋಡಿ, ಅದೇ ಮುಖ್ಯ. ಒಂದೇ ಗೂಡಿನ ಮರಿಗಳು ಒಂದೇ ಹುಳ ತಿಂದು, ಒಂದೇ ಬಿಸಿಯಲ್ಲಿ ಬೆಳೆಯುತ್ತವೆ. ಅವು ಒಂದೇ ಥರ ಇದ್ದರೆ ಅದು ರಕ್ತದ್ದೋ, ಊಟದ್ದೋ? ಗಾದೆಗೆ ಗೊತ್ತಿಲ್ಲ. ಅದಕ್ಕೇ ಮರಿ ಹುಟ್ಟಿದ ಮೇಲೆ ಕೆಲವನ್ನು ಗೂಡಿಂದ ಗೂಡಿಗೆ ಅದಲು ಬದಲು ಮಾಡುತ್ತಾರೆ. ಬೇರೆ ಬೇರೆ ಗೂಡಲ್ಲಿ ಬೆಳೆದ ಒಡಹುಟ್ಟುಗಳು ಆದರೂ ಒಂದೇ ಥರ ಇದ್ದರೆ, ಹುಟ್ಟಿನ ಪಾಲು ಕಾಣುತ್ತದೆ. ಪೂರ್ತಿ ಅಲ್ಲ. ಮೊಟ್ಟೆಯೊಳಗೇ ಅಮ್ಮ ಕೊಟ್ಟು ಕಳಿಸಿದ್ದು ಈ ಅದಲು ಬದಲಿಗೆ ಸಿಗುವುದಿಲ್ಲ, ಅದು ಹುಟ್ಟಿನ ಲೆಕ್ಕದಲ್ಲೇ ಸೇರಿಹೋಗುತ್ತದೆ.

ಮೊದಲ ದಿನವೇ ಎಡವಿದೆ. ವಂಶಾವಳಿಯಲ್ಲಿ ಅಪ್ಪ ಅಮ್ಮಂದಿರ ಸಾಲುಗಳೂ ಇದ್ದವು. ಇವರಿಗೆ ಅಳತೆಯೇ ಇಲ್ಲವಲ್ಲ, ಸುಮ್ನೆ ಯಾಕೆ ಅಂತ ಕಿತ್ತುಹಾಕಿದೆ. ಪ್ರೋಗ್ರಾಂ ಎರರ್ ಕೊಟ್ಟು ನಿಂತಿತು. ಅಳತೆ ಇಲ್ಲದಿದ್ದರೂ ಸಂಬಂಧ ಕಟ್ಟುವವರು ಅವರೇ ಅಲ್ವಾ! ವಾಪಸ್ ಸೇರಿಸಿದೆ.

ಆಮೇಲೆ ಓಟ. ನಾವೇನೂ ಹೇಳದಿದ್ದರೆ ಪ್ರೋಗ್ರಾಂ 13,000 ಸುತ್ತು ಓಡುತ್ತದೆ, ಸುತ್ತಿಗೊಂದು ಅಂದಾಜು ಉತ್ತರ ಕೊಡುತ್ತದೆ, ಮೊದಲ 3,000 ಬಿಸಾಡುತ್ತದೆ, ಉಳಿದದ್ದರಲ್ಲಿ ಹತ್ತಕ್ಕೊಂದು ಇಟ್ಟುಕೊಳ್ಳುತ್ತದೆ. ಕೈಗೆ ಬರುವುದು 1,000. ಆ ಉತ್ತರಗಳನ್ನು ಸಾಲಾಗಿ ಹಾಕಿದ ಗ್ರಾಫ್ ನೆಟ್ಟಗೆ ಮಲಗಿದ ಕಂಬಳಿಹುಳುವಿನ ಹಾಗಿದ್ದರೆ ಸರಿ. ನನ್ನದು ಹಾವಿನ ಹಾಗೆ ಹರಿದಾಡುತ್ತಿತ್ತು. ಸುತ್ತು ಜಾಸ್ತಿ ಮಾಡಿ ರಾತ್ರಿ ಓಡಿಸಲು ಬಿಟ್ಟೆ. ಕರೆಂಟ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದು ಆಗಲೇ ಗೊತ್ತಾಯಿತು. ಮತ್ತೆ ಮೊದಲಿಂದ.

ಉತ್ತರ ಬಂದ ಮೇಲೆ ಅವಸರ ಬೇಡ. ನಾನು ಮೊದಲು ಹುಟ್ಟಿನ ವೇರಿಯನ್ಸಿನ (ವೇರಿಯನ್ಸ್ ಅಂದರೆ ಅಳತೆಗಳು ಎಷ್ಟು ಚೆದುರಿವೆ ಅನ್ನುವ ಅಂಕಿ) ಸರಾಸರಿಯನ್ನು ಒಟ್ಟು ವೇರಿಯನ್ಸಿನ ಸರಾಸರಿಯಿಂದ ಭಾಗಿಸಿದೆ. ಹಾಗೆ ಮಾಡಿದರೆ ಒಂದೇ ಅಂಕಿ ಸಿಗುತ್ತದೆ, ಅದು ಎಷ್ಟು ಅಲ್ಲಾಡುತ್ತದೆ ಅಂತ ತಿಳಿಯುವುದಿಲ್ಲ. ಪ್ರತಿ ಸುತ್ತಿನಲ್ಲೂ ಭಾಗಿಸಿ, ಆ ಅಷ್ಟೂ ಉತ್ತರಗಳ ಹರಹು ನೋಡಬೇಕು. ಇನ್ನೊಂದು ಮೋಸ: ವೇರಿಯನ್ಸ್ ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ "ಸೊನ್ನೆಗಿಂತ ಮೇಲಿದೆ" ಅಂತ ಹಿಗ್ಗಿದರೆ ಅರ್ಥವಿಲ್ಲ. ನಾನು ಅರ್ಧ ದಿನ ಹಿಗ್ಗಿದ್ದೆ.

ಅಮ್ಮ ಊರಿಂದ ಬಂದಿದ್ದರು. ಪಕ್ಕದಲ್ಲಿ ಕೂತು ಸ್ಕ್ರೀನ್ ನೋಡಿ ಕೇಳಿದರು, "ಹಂಗಾದ್ರೆ ನಿನ್ನ ಎತ್ತರ ನನ್ನಿಂದ ಎಷ್ಟು, ನಾನಿಕ್ಕಿದ ಮುದ್ದೆಯಿಂದ ಎಷ್ಟು ಮಗಾ?"

"ಒಬ್ಬರಿಗೆ ಆ ಲೆಕ್ಕ ಹಾಕಕ್ಕಾಗಲ್ಲಮ್ಮ" ಅಂದೆ. ಹೆರಿಟಬಿಲಿಟಿ 0.5 ಅಂದರೆ ಒಂದು ಮರಿಯ ಕಾಲಿನ ಅರ್ಧ ಉದ್ದ ಅಪ್ಪ ಅಮ್ಮನದ್ದು ಅಂತಲ್ಲ. ಆ ಗುಂಪಿನಲ್ಲಿ, ಆ ಜಾಗದಲ್ಲಿ, ಹಕ್ಕಿ ಹಕ್ಕಿಗಿರುವ ವ್ಯತ್ಯಾಸದಲ್ಲಿ ಅರ್ಧ ಹುಟ್ಟಿನದ್ದು ಅಂತ. ಎಲ್ಲರಿಗೂ ಒಂದೇ ಮುದ್ದೆ ಸಿಕ್ಕರೆ ಹೆರಿಟಬಿಲಿಟಿ ಏರುತ್ತದೆ, ಜೀನ್ ಒಂದೂ ಬದಲಾಗದೆ. "ಹಂಗಾದ್ರೆ ನಿಮ್ಮ ಲೆಕ್ಕ ಯಾತಕ್ಕೆ?" ಅಂದರು.

ಒಳ್ಳೇ ಪ್ರಶ್ನೆ. ಗಲಾಪಗೋಸ್‌ನ ಡ್ಯಾಫ್ನೆ ಮೇಜರ್ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ 1973ರಿಂದ ಬೀಜ ತಿನ್ನುವ ಪುಟ್ಟ ಹಕ್ಕಿಗಳಾದ ಫಿಂಚ್‌ಗಳನ್ನು ಅಳೆದರು. 1977ರ ಬರದಲ್ಲಿ ಸಣ್ಣ ಬೀಜ ಮುಗಿದು, ದಪ್ಪ ಕೊಕ್ಕಿನವೇ ಜಾಸ್ತಿ ಬದುಕಿದವು. ಅವುಗಳ ಮರಿಗಳ ಕೊಕ್ಕೂ ದಪ್ಪವಾಗಿ ಬಂತು, ಯಾಕೆಂದರೆ ಕೊಕ್ಕಿನ ದಪ್ಪದ ಹೆರಿಟಬಿಲಿಟಿ ಅಲ್ಲಿ ಜಾಸ್ತಿ. ಅದು ಕಡಿಮೆ ಇದ್ದಿದ್ದರೆ ಬರದ ಗುರುತು ಮರಿಗಳಲ್ಲಿ ಅಷ್ಟಾಗಿ ಉಳಿಯುತ್ತಿರಲಿಲ್ಲ. ಇದನ್ನು ಹೇಳಿದ ಮೇಲೆ ಅಮ್ಮ ಒಪ್ಪಿದರು.

ಕೊನೆಗೆ ಗಂಡು ಹೆಣ್ಣಿನ ಕಾಲಂ ಸೇರಿಸಿದೆ. ಹಾಗೆ ಮಾಡಿದಾಗ ಲಿಂಗದಿಂದ ಬಂದ ವ್ಯತ್ಯಾಸ ಭಾಗಾಕಾರದ ಕೆಳಗಿನ ಅಂಕಿಯಿಂದ ಹೊರಗೆ ಹೋಗುತ್ತದೆ. ಹಕ್ಕಿಗಳು ಅವೇ, ಉತ್ತರ ಬೇರೆ. ಈಗ ನನ್ನ ನೋಟ್‌ಬುಕ್ಕಿನಲ್ಲಿ ಎರಡೂ ಅಂಕಿ ಇವೆ. ಪ್ರತಿಯೊಂದರ ಪಕ್ಕ, ಯಾವುದನ್ನು ತೆಗೆದ ಮೇಲೆ ಬಂದಿದ್ದು ಅಂತ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.