ಸಾಹಿತ್ಯ ಸಮೀಕ್ಷೆಯಿಂದ ಸೈದ್ಧಾಂತಿಕ ಚೌಕಟ್ಟನ್ನು ಕಟ್ಟುವ ಬಗೆ: ಸ್ವಸಹಾಯ ಸಂಘಗಳ ನಿದರ್ಶನ

ಸ್ನಾತಕೋತ್ತರ ಕಿರುಪ್ರಬಂಧಗಳ ಎರಡನೆಯ ಅಧ್ಯಾಯ, ಅಂದರೆ ಹಿಂದಿನ ಅಧ್ಯಯನಗಳನ್ನು ಪರಿಶೀಲಿಸುವ ಸಾಹಿತ್ಯ ಸಮೀಕ್ಷೆ, ಬಹುಪಾಲು ಒಂದೇ ಧಾಟಿಯಲ್ಲಿರುತ್ತದೆ. ಇಂಥವರು ಇಂಥ ವರ್ಷ ಹೀಗೆಂದರು, ಮತ್ತೊಬ್ಬರು ಹಾಗೆಂದರು ಎಂಬ ವರದಿ ಮುಗಿದ ಮೇಲೆ ಹೆಸರಾಂತ ಸಿದ್ಧಾಂತವೊಂದರ ಪರಿಚಯ ಬಂದು ಸೇರಿಕೊಳ್ಳುತ್ತದೆ. ಆ ಸಿದ್ಧಾಂತಕ್ಕೂ ಹಿಂದಿನ ಪುಟಗಳಿಗೂ ಏನು ಸಂಬಂಧ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಉತ್ತರಿಸುವುದು ಕಷ್ಟವಾಗುತ್ತದೆ. ಓದಿದ ಅಧ್ಯಯನಗಳು ಎಲ್ಲಿ ಒಂದನ್ನೊಂದು ಒಪ್ಪುವುದಿಲ್ಲವೋ ಅಲ್ಲಿಂದ ಸೈದ್ಧಾಂತಿಕ ಚೌಕಟ್ಟನ್ನು, ಅಂದರೆ ಸಂಶೋಧನೆಗೆ ಆಧಾರವಾಗುವ ಪರಿಕಲ್ಪನೆಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ, ಕಟ್ಟತೊಡಗಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಸ್ವಸಹಾಯ ಸಂಘದ ಸಾಲದಿಂದ ಗ್ರಾಮೀಣ ಮಹಿಳೆಯರ ಸಬಲೀಕರಣವಾಗಿದೆಯೇ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ 1980ರ ದಶಕದ ಪ್ರಯೋಗಗಳು, ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 1992ರಲ್ಲಿ ಆರಂಭಿಸಿದ, ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಕಾರ್ಯಕ್ರಮ, ರಾಜ್ಯ ಸರ್ಕಾರದ 2000-01ರ ಸ್ತ್ರೀಶಕ್ತಿ ಯೋಜನೆ ಇವೆಲ್ಲವೂ ಇರುವ ಕರ್ನಾಟಕದಲ್ಲಿ ವಿದ್ಯಾರ್ಥಿಗಳು ಈ ವಿಷಯವನ್ನು ಆರಿಸಿಕೊಳ್ಳುವುದು ಸಹಜವೇ. ಆದರೆ ಇದರ ಬಗೆಗಿನ ಮುಖ್ಯ ವಾಗ್ವಾದವೊಂದು ನಡೆದದ್ದು ಬಾಂಗ್ಲಾದೇಶದ ಸಾಲ ಯೋಜನೆಗಳ ಕುರಿತು. 1996ರಲ್ಲಿ ಒಂದೇ ಸಂಶೋಧನಾ ಪತ್ರಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು. ಮಹಿಳೆಯರ ಹೆಸರಿನ ಸಾಲದ ಗಣನೀಯ ಭಾಗವನ್ನು ಮನೆಯ ಗಂಡಸರೇ ನಿಯಂತ್ರಿಸುತ್ತಾರೆಂದು ಆನ್ ಮರಿ ಗೊಯೆಟ್ಜ್ ಮತ್ತು ರೀನಾ ಸೇನ್ ಗುಪ್ತಾ ತೋರಿಸಿದರೆ, ಇಂಥ ಯೋಜನೆಗಳಲ್ಲಿ ಪಾಲ್ಗೊಂಡ ಮಹಿಳೆಯರು ಹೆಚ್ಚು ಸಬಲರಾಗಿದ್ದಾರೆಂದು ಹಶೇಮಿ, ಶೂಲರ್ ಮತ್ತು ರೈಲಿ ವಾದಿಸಿದರು.

ವಿದ್ಯಾರ್ಥಿಗಳು ಇಲ್ಲಿ "ಫಲಿತಾಂಶಗಳು ಮಿಶ್ರವಾಗಿವೆ" ಎಂದು ಬರೆದು ಮುಂದಿನ ಲೇಖನಕ್ಕೆ ಹೋಗಿಬಿಡುತ್ತಾರೆ. ವಾಸ್ತವದಲ್ಲಿ ನಿಲ್ಲಬೇಕಾದ ಜಾಗವೇ ಇದು. ಎರಡೂ ಅಧ್ಯಯನಗಳು ಅಳೆದದ್ದು ಏನನ್ನು ಎಂದು ನೋಡಬೇಕು. ಮೊದಲನೆಯ ಅಧ್ಯಯನ ಸಾಲದ ಬಳಕೆ ಯಾರ ಹಿಡಿತದಲ್ಲಿದೆ ಎಂಬುದನ್ನು ಗಮನಿಸಿತು. ಎರಡನೆಯದು ಮಹಿಳೆಯರ ಓಡಾಟ, ಖರೀದಿಯ ಸಾಮರ್ಥ್ಯ, ಮನೆಯ ನಿರ್ಧಾರಗಳಲ್ಲಿನ ಪಾಲು, ರಾಜಕೀಯ ಮತ್ತು ಕಾನೂನಿನ ಅರಿವು ಮುಂತಾದ ಸೂಚಕಗಳನ್ನು ಬಳಸಿತು. ಒಂದು ಅಧ್ಯಯನ ಪ್ರಕ್ರಿಯೆಯನ್ನು ನೋಡಿದರೆ ಇನ್ನೊಂದು ಪರಿಣಾಮವನ್ನು ನೋಡಿತು. ಇಂಥ ವಿರೋಧಾಭಾಸಗಳ ಮೂಲವನ್ನು ಸಾಮಾಜಿಕ ಅರ್ಥಶಾಸ್ತ್ರಜ್ಞೆ ನೈಲಾ ಕಬೀರ್ 2001ರ ಲೇಖನದಲ್ಲಿ ಪರಿಶೀಲಿಸಿದರು; ಸಬಲೀಕರಣವನ್ನು ಸಂಪನ್ಮೂಲ, ಕರ್ತೃತ್ವ (ತಾನೇ ನಿರ್ಧರಿಸಿ ನಡೆದುಕೊಳ್ಳುವ ಶಕ್ತಿ), ಸಾಧನೆ ಎಂಬ ಮೂರು ಆಯಾಮಗಳಲ್ಲಿ ಅವರು 1999ರಲ್ಲೇ ವಿವರಿಸಿದ್ದರು. ಇಷ್ಟು ಓದಿದವರಿಗೆ ಕಬೀರರ ಚೌಕಟ್ಟು ಏಕೆ ಬೇಕೆಂಬುದನ್ನು ಬೇರೆಯಾಗಿ ಸಮರ್ಥಿಸುವ ಅಗತ್ಯವೇ ಬೀಳುವುದಿಲ್ಲ.

ಹೀಗೆ ಓದಲು ಒಂದು ಕೋಷ್ಟಕ ನೆರವಾಗುತ್ತದೆ. ಲೇಖಕ, ವರ್ಷ, ಫಲಿತಾಂಶ ಎಂಬ ರೂಢಿಯ ಕಲಮುಗಳಷ್ಟೇ ಸಾಕಾಗುವುದಿಲ್ಲ. ಮುಖ್ಯ ಪರಿಕಲ್ಪನೆಯನ್ನು ಅಧ್ಯಯನ ಹೇಗೆ ಅರ್ಥೈಸಿಕೊಂಡಿತು, ಯಾವುದನ್ನು ಅಳೆಯಿತು, ಸಾಲದಿಂದ ಬದಲಾವಣೆಯವರೆಗೆ ಯಾವ ದಾರಿಯನ್ನು ಊಹಿಸಿತು, ಎಲ್ಲಿ ಮತ್ತು ಯಾರ ನಡುವೆ ನಡೆಯಿತು ಎಂಬವೂ ಇರಲಿ. ಊಹಿಸಿದ ದಾರಿಯನ್ನು ಲೇಖಕರು ಬಾಯಿಬಿಟ್ಟು ಹೇಳಿರುವುದು ಅಪರೂಪ. ಅದನ್ನು ನೀವೇ ಗ್ರಹಿಸಿ ಬರೆಯಬೇಕು, ಅದು ನಿಮ್ಮ ಗ್ರಹಿಕೆಯೆಂದು ಗುರುತನ್ನೂ ಹಾಕಿಕೊಳ್ಳಬೇಕು. ಬಳಿಕ ಕೋಷ್ಟಕವನ್ನು ಅಡ್ಡಲಾಗಿ ಓದದೆ, ಒಂದೊಂದು ಕಲಮನ್ನೂ ಮೇಲಿನಿಂದ ಕೆಳಕ್ಕೆ ಓದಿ. ಅಧ್ಯಾಯದ ಉಪಶೀರ್ಷಿಕೆಗಳು ಲೇಖಕರ ಹೆಸರುಗಳಿಂದಲ್ಲದೆ ಈ ಕಲಮುಗಳಿಂದ ಹುಟ್ಟಬೇಕು.

ಎರವಲು ತಂದ ಚೌಕಟ್ಟನ್ನು ನಿಮ್ಮ ಕ್ಷೇತ್ರಕ್ಕೆ ಹೊಂದಿಸುವುದು ಮುಂದಿನ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಪ್ರಬಂಧದ ನಿಜವಾದ ಸ್ವಂತಿಕೆ ಕಾಣಿಸುವುದು ಇಲ್ಲಿಯೇ. ಬಾಂಗ್ಲಾದೇಶದ ಆ ಯೋಜನೆಗಳಲ್ಲಿ ಸಾಲ ನೀಡುತ್ತಿದ್ದುದು ಸಂಸ್ಥೆ. ನಮ್ಮ ಸಂಘಗಳಲ್ಲಾದರೋ ಹತ್ತರಿಂದ ಇಪ್ಪತ್ತು ಸದಸ್ಯೆಯರು ತಮ್ಮ ಉಳಿತಾಯವನ್ನು ಒಟ್ಟುಗೂಡಿಸಿ, ಯಾರಿಗೆ ಎಷ್ಟು ಸಾಲವೆಂಬುದನ್ನು ಸಭೆಯಲ್ಲಿ ತಾವೇ ತೀರ್ಮಾನಿಸುತ್ತಾರೆ. ಆದ್ದರಿಂದ ಕರ್ತೃತ್ವವನ್ನು ಮನೆಯೊಳಗೆ ಮಾತ್ರ ಹುಡುಕಿದರೆ ಸಾಲದು. ಸಂಘದ ಪ್ರತಿನಿಧಿ ಯಾರಾಗುತ್ತಾರೆ, ಮೊದಲ ಸಾಲ ಯಾರಿಗೆ ಸಿಗುತ್ತದೆ, ಅದರಲ್ಲಿ ಜಾತಿ ಮತ್ತು ಜಮೀನಿನ ಪಾತ್ರವೇನು ಎಂಬ ಪ್ರಶ್ನೆಗಳಿಗೂ ಚೌಕಟ್ಟಿನಲ್ಲಿ ಜಾಗವಿರಬೇಕು. ಹಾಗೆಂದು ಎಲ್ಲವನ್ನೂ ತುಂಬಿಸಬೇಡಿ; ಒಂದು ಸೆಮಿಸ್ಟರಿನ ಕೆಲಸಕ್ಕೆ ಮೂರು ನಾಲ್ಕು ಪರಿಕಲ್ಪನೆಗಳು ಧಾರಾಳವಾದವು.

ಪರಿಕಲ್ಪನೆಗಳನ್ನು ಬಾಣಗಳಿಂದ ಜೋಡಿಸಿ ಚೌಕಟ್ಟಿನ ಚಿತ್ರ ಬರೆಯುವುದು ಕೊನೆಗೆ. ಅದರ ಪ್ರತಿಯೊಂದು ಬಾಣವನ್ನೂ ಒಂದು ವಾಕ್ಯದಲ್ಲಿ ವಿವರಿಸಿ, ಆಧಾರವಾದ ಅಧ್ಯಯನವನ್ನು ಹೆಸರಿಸಲು ಸಾಧ್ಯವಾಗಬೇಕು. ಆಗದಿದ್ದರೆ ಬಾಣವನ್ನು ಅಳಿಸಿ, ಇಲ್ಲವೇ ಅದು ನಿಮ್ಮದೇ ಊಹೆಯೆಂದು ಒಪ್ಪಿ ಬರೆಯಿರಿ. ನಂತರ ಪ್ರತಿ ಪರಿಕಲ್ಪನೆಯನ್ನೂ ಪ್ರಶ್ನಾವಳಿಗೆ ಇಳಿಸಿ. ಸಾಲದ ಹಣವನ್ನು ಯಾರು ಖರ್ಚು ಮಾಡಿದರು ಎಂದಷ್ಟೇ ಕೇಳಿದರೆ, ತಾನೇ ಯೋಚಿಸಿ ಗಂಡನ ಅಂಗಡಿಗೆ ಹಣ ಹಾಕಿದವಳಿಗೂ ಹೆದರಿ ಕೊಟ್ಟವಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. "ಕೊಡುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು?" ಎಂಬ ಪ್ರಶ್ನೆ ಕರ್ತೃತ್ವವನ್ನು ಮುಟ್ಟುತ್ತದೆ. ಪ್ರಾಯೋಗಿಕ ಸಂದರ್ಶನಗಳಲ್ಲಿ ಇಂಥ ಪ್ರಶ್ನೆಗೆ ಚೌಕಟ್ಟಿನಲ್ಲಿಲ್ಲದ ಉತ್ತರಗಳು ಬಂದರೆ ಚೌಕಟ್ಟನ್ನು ತಿದ್ದಿ, ತಿದ್ದಿದ್ದೇಕೆಂಬುದನ್ನು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ದಾಖಲಿಸಿ.