ಟ್ಯಾಂಕಿನ ಒತ್ತಡ ಬೇರೆ, ಇನ್‌ಲೆಟ್ಟಿನ ಒತ್ತಡ ಬೇರೆ

ಟ್ಯಾಂಕಿನಲ್ಲಿ ತುಂಬಿದ ಗಾಳಿ ಒಂದು ನಾಝಲ್ ಮೂಲಕ ಹೊರಗೆ ನುಗ್ಗುತ್ತದೆ. ನಾಝಲಿನ ನಡು 1 ಚದರ ಸೆಂಟಿಮೀಟರ್, ಎರಡೂ ತುದಿ ಅದರ ಎರಡರಷ್ಟು. ನನ್ನ ಲೆಕ್ಕ ಇಷ್ಟೇ. ಟ್ಯಾಂಕಿನ ಗೇಜು 4 ಬಾರ್ ತೋರಿಸುತ್ತಿತ್ತು. ಗೇಜು ಹೊರಗಿನ ಗಾಳಿಯ ಒತ್ತಡವನ್ನು ಬಿಟ್ಟು ತೋರಿಸುತ್ತದೆ ಅಲ್ವಾ, ಅದನ್ನೂ ಸೇರಿಸಿ 5 ಬಾರ್ ಅಂತ ಹಿಡಿದೆ. ತಾಪಮಾನ 300 ಕೆಲ್ವಿನ್.

ಓಪನ್‌ಫೋಮ್‌ನಲ್ಲಿ (ಗಾಳಿ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ತಂತ್ರಾಂಶ) ಈ ಎರಡೂ ಸಂಖ್ಯೆಗಳನ್ನು ಇನ್‌ಲೆಟ್ಟಿಗೆ, ಅಂದರೆ ಗಾಳಿ ಒಳಬರುವ ತುದಿಗೆ, ನೇರವಾಗಿ ಕೊಟ್ಟೆ. ವೇಗವನ್ನು ಸಾಲ್ವರಿಗೆ (ಸಮೀಕರಣ ಬಿಡಿಸುವ ಪ್ರೋಗ್ರಾಮಿಗೆ) ಬಿಟ್ಟೆ. ರನ್ ತೊಂದರೆಯಿಲ್ಲದೆ ಮುಗಿಯಿತು. ನಡುವಿನಲ್ಲಿ ಮ್ಯಾಕ್ 1 (ಶಬ್ದದಷ್ಟೇ ವೇಗ), ಹೊರತುದಿಯಲ್ಲಿ 2.2ರ ಹತ್ತಿರ. ಆದರೆ ಸೆಕೆಂಡಿಗೆ 0.123 ಕೆಜಿ ಗಾಳಿ ಹರಿಯುತ್ತಿತ್ತು. ಕೈಲೆಕ್ಕದಲ್ಲಿ ಬಂದದ್ದು 0.117.

ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಹಂಚುವ ಬಲೆ) ಇನ್ನೂ ಸಣ್ಣದು ಮಾಡಿದೆ. ಸಂಖ್ಯೆ ಕದಲಲಿಲ್ಲ. ಕಡಿಮೆ ಬಂದಿದ್ದರೆ ಏನಾದರೂ ಕಾರಣ ಹೇಳಬಹುದಿತ್ತು. ಘರ್ಷಣೆ ಯಾವಾಗಲೂ ಹರಿವನ್ನು ತಗ್ಗಿಸುತ್ತದೆ. ಇಲ್ಲಿ ಜಾಸ್ತಿ ಬಂದಿದೆ. ಎರಡು ದಿನ ಇದೇ ತಲೆಯಲ್ಲಿ ಓಡುತ್ತಿತ್ತು. ಕೊನೆಗೆ ಇನ್‌ಲೆಟ್ಟಿನ ವೇಗ ನೋಡಿದೆ: ಸೆಕೆಂಡಿಗೆ ನೂರು ಮೀಟರಿಗೂ ಜಾಸ್ತಿ, ಮ್ಯಾಕ್ 0.306. ಅಷ್ಟು ವೇಗದಲ್ಲಿ ಓಡುವ ಗಾಳಿಗೆ 5 ಬಾರ್ ಕೊಟ್ಟರೆ, ಅದನ್ನು ನಿಲ್ಲಿಸಿದಾಗ ಒತ್ತಡ 5.33 ಬಾರ್ ಆಗುತ್ತದೆ. ಟ್ಯಾಂಕಿನಲ್ಲೇ ಇಲ್ಲದ ಒತ್ತಡ ನಾಝಲಿಗೆ ಎಲ್ಲಿಂದ ಬರಬೇಕು?

ಗೇಜು ಅಳೆದದ್ದು ನಿಂತ ಗಾಳಿಯನ್ನು. ಅಂದರೆ ನನ್ನ 5 ಬಾರ್ ಟೋಟಲ್ ಪ್ರೆಷರ್, 300 ಕೆಲ್ವಿನ್ ಟೋಟಲ್ ಟೆಂಪರೇಚರ್. ಇನ್‌ಲೆಟ್ ತಲುಪುವಾಗ ಒತ್ತಡ 4.69 ಬಾರಿಗೆ, ತಾಪಮಾನ 294.5ಕ್ಕೆ ಇಳಿದಿರಬೇಕು. ಆದರೆ ಆ ಸಂಖ್ಯೆಗಳನ್ನು ನಾನೇ ಬರೆಯುವ ಹಾಗಿಲ್ಲ, ವೇಗ ಗೊತ್ತಾಗದೆ ಅವು ಗೊತ್ತಾಗುವುದಿಲ್ಲ. ಹರಿವು ಶಬ್ದಕ್ಕಿಂತ ನಿಧಾನ ಇರುವ ಇನ್‌ಲೆಟ್ಟಿಗೆ ಒಳಗಿನ ಸುದ್ದಿ ಶಬ್ದದ ಅಲೆಯಾಗಿ ಹಿಂದಕ್ಕೆ ಬರುತ್ತದೆ. ಅದಕ್ಕೆ ಜಾಗ ಬಿಡಬೇಕು. ಶಬ್ದಕ್ಕಿಂತ ವೇಗವಾಗಿ ಒಳಬರುವ ಗಾಳಿಯಾದರೆ ಎಲ್ಲವನ್ನೂ ನಾವೇ ಕೊಡಬೇಕು.

ಇನ್‌ಲೆಟ್ಟಿನ ಸೆಟ್ಟಿಂಗಿನಲ್ಲಿ ಒತ್ತಡಕ್ಕೆ ಟೋಟಲ್‌ಪ್ರೆಷರ್, ತಾಪಮಾನಕ್ಕೆ ಟೋಟಲ್‌ಟೆಂಪರೇಚರ್, ವೇಗಕ್ಕೆ ಪ್ರೆಷರ್‌ಇನ್‌ಲೆಟ್‌ವೆಲಾಸಿಟಿ ಹಾಕಿದೆ. ಗಾಮಾ (ಗಾಳಿಯ ಎರಡು ಉಷ್ಣಧಾರಕತೆಗಳ ಅನುಪಾತ) 1.4. ಸೈ (ಒತ್ತಡಕ್ಕೆ ಗುಣಿಸಿದರೆ ಸಾಂದ್ರತೆ ಕೊಡುವ ಸಂಖ್ಯೆ) ಎಂಬ ಸಾಲನ್ನೂ ಸರಿಯಾಗಿ ತುಂಬಿ. ಅಲ್ಲಿ ಸುಮ್ನೆ none (ಏನೂ ಇಲ್ಲ) ಅಂತ ಬಿಟ್ಟು ಸಾಂದ್ರತೆಯ ಹೆಸರು ಕೊಟ್ಟರೆ, ಸಾಲ್ವರ್ ಗಾಳಿ ಕುಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಬರ್ನೂಲಿಯ ಸರಳ ಸೂತ್ರ ಹಿಡಿಯುತ್ತದೆ. ಮ್ಯಾಕ್ 0.3ರಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ, 0.6ರಲ್ಲಿ ಹೆಚ್ಚುಕಡಿಮೆ ಶೇ. 2 ಆಗುತ್ತದೆ.

ಹೊಸ ರನ್ ಶುರುವಿನಲ್ಲೇ ಬಿದ್ದುಹೋಯಿತು. ಒಳಗೆಲ್ಲ 1 ಬಾರ್, ಬಾಗಿಲಲ್ಲಿ ಒಮ್ಮೆಗೇ 5. ದೊಡ್ಡ ಶಾಕ್ (ಒತ್ತಡ ಒಮ್ಮೆಗೇ ಜಿಗಿಯುವ ಅಲೆ) ಒಳಗೆ ನುಗ್ಗಿತ್ತು. ಯೂನಿಫಾರ್ಮ್‌ಟೋಟಲ್‌ಪ್ರೆಷರ್‌ನಲ್ಲಿ ಕಾಲಕ್ಕೆ ತಕ್ಕಂತೆ ಒತ್ತಡದ ಪಟ್ಟಿ ಕೊಡಬಹುದು. ಅದರಲ್ಲಿ 1ರಿಂದ 5ಕ್ಕೆ ಮೆಲ್ಲಗೆ ಏರಿಸಿದೆ.

ಈ ಸಲ 0.117 ಬಂತು. ಈಗ ಯಾವುದೇ ರನ್ ಇರಲಿ, ಮ್ಯಾಕ್ ಚಿತ್ರ ತೆರೆಯುವ ಮೊದಲು ಇನ್‌ಲೆಟ್ಟಿನ ಟೋಟಲ್ ಪ್ರೆಷರನ್ನು ಲೆಕ್ಕಹಾಕಿ ಟ್ಯಾಂಕಿನ ಸಂಖ್ಯೆಯ ಪಕ್ಕ ಇಟ್ಟು ನೋಡುತ್ತೇನೆ.